ಮನುಷ್ಯರನ್ನು ತಿನ್ನುವ ನಾಡು: ಯೆಹೆಜ್ಕೇಲನ ಒಂದು ವಚನದ ಅರ್ಥವಿಚಾರ

ಹೀಬ್ರೂ ಪ್ರವಾದಿ ಯೆಹೆಜ್ಕೇಲನ ಗ್ರಂಥದ 36ನೆಯ ಅಧ್ಯಾಯದ 13ನೆಯ ವಚನದಲ್ಲಿ ಇಸ್ರಾಯೇಲ್ ನಾಡಿನ ಮೇಲೆ ಲೋಕ ಹೊರಿಸಿದ್ದ ಒಂದು ಅಪವಾದದ ಪ್ರಸ್ತಾಪವಿದೆ. ಈ ನಾಡು ಮನುಷ್ಯರನ್ನು ತಿನ್ನುತ್ತದೆ, ತನ್ನ ಜನಾಂಗವನ್ನು ಮಕ್ಕಳಿಲ್ಲದಂತೆ ಮಾಡುತ್ತದೆ ಎಂಬುದು ಅದರ ತಾತ್ಪರ್ಯ. ಮುಂದಿನ ಎರಡು ವಚನಗಳಲ್ಲಿ ದೇವರ ಉತ್ತರ ಬರುತ್ತದೆ: ಇನ್ನು ಮೇಲೆ ಹಾಗಾಗದು, ಆ ನಿಂದೆ ಇನ್ನು ಮೇಲೆ ನಾಡಿನ ಕಿವಿಗೆ ಬೀಳದು. ಮೇಲುನೋಟಕ್ಕೆ ಇದರಲ್ಲಿ ಕ್ಲಿಷ್ಟತೆಯೇನೂ ಕಾಣುವುದಿಲ್ಲ. ಆದರೆ ಎರಡನೆಯ ಸಲ ಓದುವಾಗ ಒಂದು ಸಂದೇಹ ತಲೆಯೆತ್ತುತ್ತದೆ. ‘ಇನ್ನು ಮೇಲೆ ತಿನ್ನುವುದಿಲ್ಲ’ ಎಂದರೆ ಇದುವರೆಗೆ ತಿಂದುದು ನಿಜವೆಂದು ಒಪ್ಪಿಕೊಂಡಂತಾಗಲಿಲ್ಲವೆ? ನಾಡಿನ ಪಕ್ಷವನ್ನು ವಹಿಸಿ ಮಾತನಾಡಲು ಹೊರಟ ಪ್ರವಾದಿ ಎದುರಾಳಿಯ ಮಾತನ್ನೇ ಎತ್ತಿ ಹಿಡಿದನೆ? ಈ ಪ್ರಶ್ನೆಗೆ ಕೊಡುವ ಉತ್ತರವನ್ನು ಅವಲಂಬಿಸಿ ಇಡೀ ಅಧ್ಯಾಯದ ಅರ್ಥ ಒಂದು ಕಡೆಗೋ ಇನ್ನೊಂದು ಕಡೆಗೋ ವಾಲುತ್ತದೆ. ಜನರ ನಾಶಕ್ಕೆ ನೆಲ ಕಾರಣವೋ, ಜನರೇ ಕಾರಣರೋ ಎಂಬ ವಿವಾದ ಇದರ ಬೆನ್ನಿಗಿದೆ.

ಯೆಹೆಜ್ಕೇಲನು ಯಾಜಕರ ಮನೆತನದವನು. ಕ್ರಿ. ಪೂ. 597ರಲ್ಲಿ ಬಾಬಿಲೋನಿಯದ ಅರಸು ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಸೆರೆಯೊಯ್ದವರಲ್ಲಿ ಈತನೂ ಒಬ್ಬ. ಕೆಬಾರ್ ಕಾಲುವೆಯ ಬಳಿಯ ವಸತಿಯಲ್ಲಿದ್ದುಕೊಂಡೇ ಈತ ಪ್ರವಾದಿಯಾದನು. ಸುಮಾರು ಹತ್ತು ವರ್ಷಗಳ ಮೇಲೆ ಯೆರೂಸಲೇಮ್ ಬಿದ್ದು ದೇವಾಲಯ ಸುಟ್ಟುಹೋಯಿತು; ತಪ್ಪಿಸಿಕೊಂಡು ಬಂದವನೊಬ್ಬನು ಆ ಸುದ್ದಿಯನ್ನು ತಂದ ಸಂಗತಿ 33ನೆಯ ಅಧ್ಯಾಯದಲ್ಲಿದೆ. ಅಲ್ಲಿಂದ ಮುಂದೆ ಪ್ರವಾದಿಯ ಧ್ವನಿ ಬದಲಾಗುತ್ತದೆ. 6ನೆಯ ಅಧ್ಯಾಯದಲ್ಲಿ ಇಸ್ರಾಯೇಲಿನ ಬೆಟ್ಟಗಳಿಗೆ ಅಭಿಮುಖನಾಗಿ ಶಾಪವಾಕ್ಯಗಳನ್ನು ನುಡಿದವನು 36ರಲ್ಲಿ ಅವೇ ಬೆಟ್ಟಗಳನ್ನು ಕರೆದು ಸಾಂತ್ವನ ಹೇಳುತ್ತಾನೆ. ನಮ್ಮ ವಚನ ಬರುವುದು ಆ ಸಾಂತ್ವನದ ನಡುವೆ.

ಅಪವಾದಕ್ಕೆ ಪ್ರವಾದಿ ಬಳಸುವ ಹೀಬ್ರೂ ಪದವನ್ನು ಮೊದಲು ನೋಡೋಣ. ಅದು 3ನೆಯ ವಚನದಲ್ಲಿ ಬರುವ ‘ದಿಬ್ಬಾ’. ಪಿಸುಮಾತು, ಬೆನ್ನ ಹಿಂದೆ ಆಡುವ ಮಾತು ಎಂಬ ಛಾಯೆ ಅದಕ್ಕುಂಟು. ಆದಿಕಾಂಡದಲ್ಲಿ ಯೋಸೇಫನು ಅಣ್ಣಂದಿರ ವಿಷಯವಾಗಿ ತಂದೆಗೆ ಹೇಳಿದ ಚಾಡಿಗೂ, ಪ್ರವಾದಿ ಯೆರೆಮೀಯನ ಸುತ್ತ ಬಹುಜನ ಆಡಿಕೊಂಡ ಮಾತಿಗೂ ಇದೇ ಶಬ್ದ. ಗಮನಿಸಬೇಕಾದ ಅಂಶವೆಂದರೆ, ಯೋಸೇಫನ ಪ್ರಸಂಗದಲ್ಲಿ ಈ ಪದಕ್ಕೆ ‘ಕೆಟ್ಟ’ ಎಂಬ ವಿಶೇಷಣವನ್ನು ಬೇರೆಯಾಗಿ ಹಚ್ಚಿದ್ದಾರೆ, ಆ ಮಾತು ಸುಳ್ಳೆಂದು ಮಾತ್ರ ಎಲ್ಲಿಯೂ ಹೇಳಿಲ್ಲ. ದಿಬ್ಬಾ ಎಂದ ಮಾತ್ರಕ್ಕೆ ಸುಳ್ಳು ಎಂದಾಗಲಿಲ್ಲ. ಲೋಕಾಪವಾದವೆಂದೊಡನೆ ನಮ್ಮ ಓದುಗರಿಗೆ ಸೀತೆಯ ನೆನಪಾಗುವುದು ಸಹಜ. ಆದರೆ ಅಲ್ಲಿ ಅಪವಾದ ನಿರಾಧಾರವೆಂಬುದು ರಾಮನಿಗೂ ಕವಿಗೂ ಓದುಗನಿಗೂ ಮೊದಲೇ ಗೊತ್ತು. ಇಲ್ಲಿ ಆ ನಿಶ್ಚಯವನ್ನು ಶಬ್ದವೇ ನಮಗೆ ಕೊಡುವುದಿಲ್ಲ.

ನಾಡಿಗೂ ದಿಬ್ಬಾಕ್ಕೂ ಸಂಬಂಧ ಕಲ್ಪಿಸುವ ಪ್ರಸಿದ್ಧ ಕಥೆ ಅರಣ್ಯಕಾಂಡದ 13 ಮತ್ತು 14ನೆಯ ಅಧ್ಯಾಯಗಳದು. ಕಾನಾನ್ ದೇಶವನ್ನು ನೋಡಿಬರಲು ಮೋಶೆ ಕಳುಹಿಸಿದ ಹನ್ನೆರಡು ಮಂದಿಯಲ್ಲಿ ಹತ್ತು ಮಂದಿ ಹಿಂದಿರುಗಿ ಬಂದು, ಅದು ತನ್ನ ನಿವಾಸಿಗಳನ್ನು ತಿನ್ನುವ ದೇಶವೆಂದು ಸುದ್ದಿ ಹಬ್ಬಿಸುತ್ತಾರೆ. ಕಾಲೇಬ ಮತ್ತು ಯೆಹೋಶುವ ಇಬ್ಬರೇ ಅದನ್ನು ಖಂಡಿಸಿ, ದೇಶ ಬಹಳ ಬಹಳ ಒಳ್ಳೆಯದೆಂದು ಸಾರುತ್ತಾರೆ. ಹತ್ತು ಮಂದಿ ಉಪದ್ರವದಿಂದ ಸಾಯುತ್ತಾರೆ. ಎರಡೂ ಕಡೆ ದಿಬ್ಬಾ ಎಂಬ ಪದವೂ ‘ತಿನ್ನುವ ನಾಡು’ ಎಂಬ ರೂಪಕವೂ ಇರುವುದರಿಂದ ಒಂದು ಇನ್ನೊಂದನ್ನು ನೆನೆಯುತ್ತಿದೆಯೆಂದು ಹಲವರು ಭಾವಿಸಿದ್ದಾರೆ. ಅರಣ್ಯಕಾಂಡದ ಈ ಭಾಗದ ಕಾಲನಿರ್ಣಯವೇ ವಿವಾದಾಸ್ಪದವಾದುದರಿಂದ ಯಾರು ಯಾರಿಂದ ತೆಗೆದುಕೊಂಡರೆಂಬ ಚರ್ಚೆಗೆ ನಾವು ಕೈಹಾಕುವುದಿಲ್ಲ. ಸಾಮ್ಯಕ್ಕಿಂತ ಭೇದವೇ ಇಲ್ಲಿ ಹೆಚ್ಚು ಉಪಯುಕ್ತ. ಅಲ್ಲಿ ನಿಂದಿಸಿದವರು ಸ್ವಜನರು, ನಾಡನ್ನು ಇನ್ನೂ ಹೊಗದವರು. ಇಲ್ಲಿ ನಿಂದೆ ಕೇಳಿಬರುವುದು ನಾಡು ಬರಿದಾದ ಮೇಲೆ. ಅಲ್ಲಿ ತಿನ್ನಿಸಿಕೊಳ್ಳುವವರು ‘ನಿವಾಸಿಗಳು’, ಇಲ್ಲಿ ‘ಆದಾಮ್’, ಎಂದರೆ ಮನುಷ್ಯರು. ಅಲ್ಲಿ ನಿಂದೆಗೆ ಪ್ರತಿಯಾಗಿ ಕಾಲೇಬನ ಖಂಡನೆ ಉಂಟು. ಇಲ್ಲಿ ಖಂಡನೆಯೇ ಇಲ್ಲ.

ಖಂಡನೆಯಿಲ್ಲದಿರುವುದು ಆಕಸ್ಮಿಕವಲ್ಲ. ಕಾಲೇಬನ ಮಾತಿಗೆ ಬೇಕಾದ ಸಾಮಗ್ರಿ ಯೆಹೆಜ್ಕೇಲನ ಬಳಿಯೂ ಇತ್ತು. 20ನೆಯ ಅಧ್ಯಾಯದಲ್ಲಿ ಅವನೇ ಈ ನಾಡನ್ನು ಹಾಲೂ ಜೇನೂ ಹರಿಯುವ ದೇಶವೆಂದು, ಸಕಲ ದೇಶಗಳಿಗೂ ಶಿರೋಭೂಷಣವೆಂದು ಎರಡು ಸಲ ಹೊಗಳಿದ್ದಾನೆ. ಅಂತಹವನು ನಿಂದೆ ಎದುರಾದಾಗ ಆ ಹೊಗಳಿಕೆಯನ್ನು ತರಲಿಲ್ಲ. ಏಕೆ?

ಇದಕ್ಕೆ ಮುನ್ನ, ನಿಂದಿಸುವವರು ಯಾರೆಂಬುದನ್ನು ತಿಳಿಯಬೇಕು. 13ನೆಯ ವಚನ ಕರ್ತೃವನ್ನು ಹೆಸರಿಸುವುದಿಲ್ಲ. ‘ಹೇಳುತ್ತಾರಾದ್ದರಿಂದ’ ಎಂದಷ್ಟೇ ಇದೆ. ಸೆರೆಯಲ್ಲಿದ್ದ ಸ್ವಜನರೇ ನಿರಾಶೆಯಿಂದ ಹೀಗೆ ಆಡಿರಬಹುದೆಂಬುದು ಒಂದು ಪಕ್ಷ. ಆದರೆ 15ನೆಯ ವಚನ ಈ ಮಾತನ್ನು ಅನ್ಯಜನಾಂಗಗಳ ತಿರಸ್ಕಾರವೆಂದು ಕರೆಯುವುದರಿಂದ ಸುತ್ತಲಿನ ನೆರೆಹೊರೆಯವರು, ವಿಶೇಷವಾಗಿ ಹಿಂದಿನ ಅಧ್ಯಾಯದಲ್ಲಿ ಪ್ರಸ್ತಾಪವಾದ ಎದೋಮ್ಯರು, ಎಂದು ತೆಗೆದುಕೊಳ್ಳುವುದೇ ಯುಕ್ತ. ಹಾಗೆ ತೆಗೆದುಕೊಂಡರೆ ಒಂದು ವಿಚಿತ್ರ ಎದುರಾಗುತ್ತದೆ. ಇದೇ ನೆರೆಯವರು 2ನೆಯ ವಚನದಲ್ಲಿ, ಈ ಪುರಾತನ ಉನ್ನತಸ್ಥಳಗಳು ನಮ್ಮ ಸೊತ್ತಾದುವೆಂದು ಹಿಗ್ಗಿದ್ದಾರೆ. ಮನುಷ್ಯರನ್ನು ತಿನ್ನುವ ನೆಲಕ್ಕಾಗಿ ಇಷ್ಟು ಆಸೆ ಏಕೆ? ಜ್ಞಾನೋಕ್ತಿಗಳ 20ನೆಯ ಅಧ್ಯಾಯದಲ್ಲಿ ಒಬ್ಬ ಗಿರಾಕಿಯ ಚಿತ್ರವಿದೆ: ಅಂಗಡಿಯಲ್ಲಿ ನಿಂತಾಗ ಸರಕು ಕೆಟ್ಟದ್ದು ಕೆಟ್ಟದ್ದು ಎನ್ನುತ್ತಾನೆ, ಕೊಂಡು ಆಚೆ ಹೋದ ಮೇಲೆ ಜಂಬ ಕೊಚ್ಚುತ್ತಾನೆ. ಹಳಿಯುವುದಕ್ಕೂ ಬಯಸುವುದಕ್ಕೂ ವಿರೋಧವಿಲ್ಲ. ಯೆಹೆಜ್ಕೇಲನು ಹತ್ತು ವಚನಗಳ ಅಂತರದಲ್ಲಿ ಈ ಎರಡು ಮಾತುಗಳನ್ನೂ ಇರಿಸಿ, ಎರಡನೆಯದರ ಪ್ರಾಮಾಣ್ಯವನ್ನು ಸದ್ದಿಲ್ಲದೆ ತಗ್ಗಿಸಿದ್ದಾನೆಂದು ನಮಗೆ ತೋರುತ್ತದೆ. ಹತ್ತೊಂಬತ್ತನೆಯ ಶತಮಾನದ ಪ್ರವಾಸಿಗಳು ಪ್ಯಾಲೆಸ್ತೀನನ್ನು ಪಾಳುನೆಲವೆಂದು ವರ್ಣಿಸಿದ ಪುಟಗಳನ್ನು, 1869ರಲ್ಲಿ ಪ್ರಕಟವಾದ ಮಾರ್ಕ್ ಟ್ವೇನನ ಪ್ರವಾಸಕಥನ ಅವುಗಳಲ್ಲಿ ಪ್ರಖ್ಯಾತ, ಈ ಅಧ್ಯಾಯದೊಂದಿಗೆ ಜೋಡಿಸಿ ಪುರಾವೆಯಾಗಿ ಬಳಸುವವರುಂಟು. ಅಂತಹವರು ಇದು ಭೂವಿವರಣೆಯಲ್ಲ, ಆ ನೆಲದ ಮೇಲೆ ಕಣ್ಣಿಟ್ಟವರ ಮಾತಿನ ಉಲ್ಲೇಖ ಎಂಬುದನ್ನು ಮರೆಯುತ್ತಾರೆ.

ನಮ್ಮ ಶಾಸ್ತ್ರಪರಂಪರೆಯಲ್ಲಿ ಅನುವಾದ ಎಂಬ ಶಬ್ದಕ್ಕೆ ಭಾಷಾಂತರಕ್ಕಿಂತ ಹಳೆಯ ಅರ್ಥವೊಂದುಂಟು: ಆಗಲೇ ತಿಳಿದದ್ದನ್ನು, ಅಥವಾ ಪ್ರತಿವಾದಿಯ ಮತವನ್ನು, ಮುಂದಿನ ವಿಧಾನಕ್ಕೆ ಪೀಠಿಕೆಯಾಗಿ ಮತ್ತೆ ಹೇಳುವುದು. 13ನೆಯ ವಚನ ಇಂತಹ ಪೂರ್ವಪಕ್ಷಾನುವಾದ. ಅನುವಾದ ಮಾಡಿದವನು ಆ ಮತದ ಸತ್ಯಕ್ಕೆ ಹೊಣೆಗಾರನಲ್ಲ. ಇಷ್ಟರಿಂದ ಮೊದಲ ಸಂದೇಹದ ಅರ್ಧಭಾಗ ಪರಿಹಾರವಾಗುತ್ತದೆ. ಉಳಿದ ಅರ್ಧ ಅಷ್ಟು ಸುಲಭವಲ್ಲ. ಏಕೆಂದರೆ 14ನೆಯ ವಚನದಲ್ಲಿ ದೇವರೇ ಸ್ವಂತ ಧ್ವನಿಯಲ್ಲಿ ‘ಇನ್ನು ಮೇಲೆ ತಿನ್ನುವುದಿಲ್ಲ’ ಎನ್ನುತ್ತಾನೆ.

ಈಗ ಅಪವಾದದ ಎರಡನೆಯ ಭಾಗವನ್ನು ಪರಿಶೀಲಿಸೋಣ. ‘ಮೆಶಕ್ಕೆಲೆತ್’ ಎಂಬುದು ಅಲ್ಲಿಯ ಪದ; ಶ-ಕ-ಲ ಎಂಬ ಮೂರು ವ್ಯಂಜನಗಳ ಧಾತುವಿನಿಂದ ಬಂದುದು, ಸ್ತ್ರೀಲಿಂಗ. ಮಕ್ಕಳನ್ನು ಕಳೆದುಕೊಳ್ಳುವಂತೆ ಮಾಡುವವಳು ಎಂದು ಅರ್ಥ. ಇದೇ ಗ್ರಂಥದ 5 ಮತ್ತು 14ನೆಯ ಅಧ್ಯಾಯಗಳಲ್ಲಿ ಈ ಕ್ರಿಯೆಯ ಕರ್ತೃಗಳು ದುಷ್ಟಮೃಗಗಳು: ಅವು ನಾಡಿನೊಳಗೆ ನುಗ್ಗಿ ಅದನ್ನು ಸಂತಾನಹೀನವಾಗಿಸುತ್ತವೆ. ಅಲ್ಲಿ ಕಳೆದುಕೊಳ್ಳುವುದು ನಾಡು. ನಮ್ಮ ವಚನದಲ್ಲಿ ನಾಡೇ ಮೃಗದ ಸ್ಥಾನಕ್ಕೆ ಬಂದಿದೆ. ಇಂತಹ ಕೆಟ್ಟ ಹೆಸರಿಗೆ ವಾಸ್ತವದ ಆಸರೆಯೂ ಇಲ್ಲದಿರಲಿಲ್ಲ. ಕ್ರಿ. ಪೂ. 722ರ ಸುಮಾರಿಗೆ ಸಮಾರ್ಯ ಬಿದ್ದ ಮೇಲೆ ಅಶ್ಶೂರದ ಅರಸು ಅಲ್ಲಿಗೆ ಹೊರಗಿನವರನ್ನು ತಂದು ನೆಲೆಗೊಳಿಸಿದನು; ಅವರನ್ನು ಸಿಂಹಗಳು ಕೊಂದುವು, ಆ ನಾಡಿನ ದೇವರ ರೀತಿ ಗೊತ್ತಿಲ್ಲದುದರಿಂದ ಹೀಗಾಯಿತೆಂದು ಅರಸನಿಗೆ ದೂರು ಹೋಯಿತು ಎಂದು ಅರಸುಗಳ ಎರಡನೆಯ ಗ್ರಂಥ ಹೇಳುತ್ತದೆ. ಎರಡು ಸಾಮ್ರಾಜ್ಯಗಳ ನಡುವಣ ದಾರಿಯಲ್ಲಿದ್ದ, ಮಳೆಯನ್ನೇ ನಂಬಿದ ಆ ಬೆಟ್ಟನಾಡಿನಲ್ಲಿ ದಂಡೂ ಬರವೂ ಮೃಗವೂ ಒಂದನ್ನೊಂದು ಹಿಂಬಾಲಿಸಿ ಬರುತ್ತಿದ್ದುವು. ಕನ್ನಡದಲ್ಲಿ ‘ಆಗಿಬರದ ಮನೆ’, ‘ಆಗಿಬರದ ಹೊಲ’ ಎನ್ನುತ್ತೇವಷ್ಟೆ. ಹಾಗೆನ್ನುವಾಗ ಕಾರಣವನ್ನು ಹುಡುಕುವ ಕಷ್ಟ ತಪ್ಪುತ್ತದೆ, ದೋಷವೆಲ್ಲ ಮಣ್ಣಿಗೆ ಸೇರುತ್ತದೆ.

ಆದರೆ ಈ ಧಾತುವಿಗೆ ಇನ್ನೊಂದು ಅರ್ಥವೂ ಇದೆ: ಗರ್ಭ ನಿಲ್ಲದೆ ಹೋಗುವುದು. ಅರಸುಗಳ ಎರಡನೆಯ ಗ್ರಂಥದ 2ನೆಯ ಅಧ್ಯಾಯದಲ್ಲಿ ಯೆರಿಕೋ ಪಟ್ಟಣದವರು ಎಲೀಷನ ಬಳಿಗೆ ಬಂದು, ಊರಿನ ನೆಲೆ ಚೆನ್ನಾಗಿದೆ, ಆದರೆ ನೀರು ಕೆಟ್ಟದ್ದು, ಭೂಮಿ ಗರ್ಭಸ್ರಾವಕ್ಕೆ ಕಾರಣವಾಗುತ್ತಿದೆ ಎಂದು ಮೊರೆಯಿಡುತ್ತಾರೆ. ಎಲೀಷನು ಹೊಸ ಪಾತ್ರೆಯಲ್ಲಿ ಉಪ್ಪು ತರಿಸಿ ಬುಗ್ಗೆಗೆ ಹಾಕುತ್ತಾನೆ. ಇನ್ನು ಮೇಲೆ ಅಲ್ಲಿಂದ ಮರಣವಾಗಲಿ ಗರ್ಭನಷ್ಟವಾಗಲಿ ಉಂಟಾಗದೆಂಬ ದೇವರ ಮಾತನ್ನು ಸಾರುತ್ತಾನೆ. ಅಲ್ಲಿಯೂ ಭೂಮಿಯೇ ಕರ್ತೃ, ಅದೇ ಧಾತು; ‘ಇನ್ನು ಮೇಲೆ’ ಎಂಬುದಕ್ಕೆ ಅದೇ ‘ಓದ್’ ಎಂಬ ಅವ್ಯಯ. ಈ ಸಾದೃಶ್ಯ ಗೂಢಚಾರರ ಕಥೆಯ ಸಾದೃಶ್ಯಕ್ಕಿಂತ ನಮ್ಮ ವಚನಕ್ಕೆ ಹೆಚ್ಚು ಸಮೀಪವೆಂಬುದು ನಮ್ಮ ಅಭಿಪ್ರಾಯ. ಎಲೀಷನು ಊರಿನವರ ದೂರನ್ನು ಸುಳ್ಳೆನ್ನಲಿಲ್ಲ, ಭೂಮಿಯನ್ನು ಶಪಿಸಲೂ ಇಲ್ಲ. ಅದು ರೋಗ, ರೋಗಕ್ಕೆ ಬೇಕಾದುದು ವಾದವಲ್ಲ, ಚಿಕಿತ್ಸೆ. ‘ಇನ್ನು ಮೇಲೆ’ ಎಂಬುದು ಅಪರಾಧದ ಒಪ್ಪಿಗೆಯಲ್ಲ, ವೈದ್ಯನ ಮಾತು. ಯೆಹೆಜ್ಕೇಲನೂ ಈ ಧಾಟಿಯಲ್ಲಿ ನುಡಿಯುತ್ತಿದ್ದಾನೆಂದು ಗ್ರಹಿಸಿದರೆ 14ನೆಯ ವಚನದ ತೊಡಕು ಸಡಿಲುತ್ತದೆ. ನಾಡು ಪಾತಕಿಯೂ ಅಲ್ಲ, ನಿಂದಿಸಿದವರು ಹೇಳಿದ ಸಾವುನೋವು ಕಲ್ಪಿತವೂ ಅಲ್ಲ.

ಹೀಬ್ರೂ ಮೂಲದ ಪಾಠದಲ್ಲಿಯೂ ಇದಕ್ಕೆ ಸಂಬಂಧಪಟ್ಟ ಒಂದು ತೊಡಕುಂಟು. ಪರಂಪರಾಗತ ಪ್ರತಿಗಳಲ್ಲಿ ಕೆಲವು ಪದಗಳನ್ನು ಬರೆದಿರುವುದು ಒಂದು ರೀತಿ, ಓದಬೇಕಾದುದು ಇನ್ನೊಂದು ರೀತಿ. ಓದುವ ಪಾಠವನ್ನು ಪಂಡಿತರು ಅಂಚಿನಲ್ಲಿ ಸೂಚಿಸುತ್ತಾರೆ. 14ನೆಯ ವಚನದಲ್ಲಿ ಬರೆದಿರುವುದು ಕ-ಶ-ಲ ಧಾತು, ಎಂದರೆ ‘ಎಡವುವಂತೆ ಮಾಡು’. ಓದಬೇಕಾದುದು ಶ-ಕ-ಲ, ಎಂದರೆ ‘ಸಂತಾನಹೀನಗೊಳಿಸು’. ಎರಡು ಅಕ್ಷರಗಳು ಸ್ಥಳ ಬದಲಾಯಿಸಿವೆ, ಅಷ್ಟೆ. 15ನೆಯ ವಚನದ ಕೊನೆಯಲ್ಲಿಯೂ ‘ಎಡವುವಂತೆ ಮಾಡು’ ಎಂದೇ ಇದೆ, ಅಲ್ಲಿ ಅಂಚಿನ ಸೂಚನೆಯಿಲ್ಲ. ಬರೆದ ಪಾಠವನ್ನೇ ಹಿಡಿದರೆ, ನಾಡು ಜನರನ್ನು ಪಾಪದಲ್ಲಿ ಎಡವಿಸಿತು, ಬೆಟ್ಟಗಳ ಮೇಲಣ ವಿಗ್ರಹಾರಾಧನೆಗೆ ಎಡೆಕೊಟ್ಟಿತು ಎಂಬ ನೈತಿಕ ಅರ್ಥ ಬರುತ್ತದೆ. 6ನೆಯ ಅಧ್ಯಾಯಕ್ಕೆ ಅದು ಹೊಂದುತ್ತದೆ ಕೂಡ. ಆದರೂ 14ರಲ್ಲಿ ನಾವು ಓದುವ ಪಾಠವನ್ನೇ ಆರಿಸುತ್ತೇವೆ. 12 ಮತ್ತು 13ನೆಯ ವಚನಗಳೆರಡರಲ್ಲಿಯೂ ಶ-ಕ-ಲವೇ ಇದೆ; ಉತ್ತರವು ಆಕ್ಷೇಪದ ಪದವನ್ನೇ ಎತ್ತಿಕೊಂಡು ನಿಷೇಧಿಸುವುದು ಈ ಶೈಲಿಯ ಕ್ರಮ. ಪ್ರಾಚೀನ ಗ್ರೀಕ್ ಅನುವಾದವೂ 14ರಲ್ಲಿ ಸಂತಾನನಷ್ಟವನ್ನೇ ಹೇಳುತ್ತದೆ. ಗ್ರೀಕ್ ಅನುವಾದಕನು 13ರಲ್ಲಿ ಮಾಡಿರುವುದು ಇನ್ನೂ ಕುತೂಹಲಕರ. ಅಲ್ಲಿ ಅವನು ಕರ್ತರಿಯನ್ನು ಕರ್ಮಣಿಯಾಗಿಸಿ, ನಾಡು ಮಕ್ಕಳನ್ನು ಕಳೆದುಕೊಂಡವಳು ಎಂದು ತಿರುಗಿಸಿದ್ದಾನೆ. ಮಕ್ಕಳನ್ನು ತಿಂದವಳೆಂಬ ಮಾತು ಅವನ ಬಾಯಲ್ಲಿ ಹೊರಡಲಿಲ್ಲವೋ ಏನೋ!

‘ಜನಾಂಗ’ ಎಂಬ ಪದವೂ ಹೀಗೆಯೇ ಬರೆದ ಪಾಠದಲ್ಲಿ ಏಕವಚನ, ಓದುವ ಪಾಠದಲ್ಲಿ ಬಹುವಚನ. ಹನ್ನೊಂದನೆಯ ಶತಮಾನದ ಮಹಾವ್ಯಾಖ್ಯಾನಕಾರ ರಾಶಿ ಇದನ್ನು ಬಹುವಚನದ ದಾರಿಯಲ್ಲಿಯೇ ಅರ್ಥಮಾಡುತ್ತಾನೆ: ಹಿಂದೆ ಅಮೋರಿಯರು ಈ ನೆಲದಲ್ಲಿ ಅಳಿದರು, ಬಳಿಕ ಯೆಹೂದ್ಯರೂ ಅಳಿದರು, ಆದುದರಿಂದ ತನ್ನ ನಿವಾಸಿಗಳನ್ನು ಮುಗಿಸುವುದು ಇದಕ್ಕೆ ರೂಢಿ ಎಂದು ನಿಂದಕರ ಭಾವ. ಇದು ಸೂಕ್ಷ್ಮವಾದ ಗ್ರಹಿಕೆ. ಒಂದೇ ಸಲ ನಡೆದುದು ದುರ್ಘಟನೆ. ಎರಡು ಸಲ ನಡೆದುದನ್ನು ಲೋಕ ಸ್ವಭಾವವೆಂದು ಕರೆಯುತ್ತದೆ.

ಕನ್ನಡದಲ್ಲಿ ಈ ವಚನಗಳನ್ನು ಓದುವವರಿಗೆ ಇನ್ನೊಂದು ಎಡರಿದೆ. ಲಂಡನ್ ಮಿಷನ್ನಿನ ಹ್ಯಾಂಡ್ಸ್ ಮತ್ತು ರೀವ್ ಅವರ ಪರಿಶ್ರಮದಿಂದ ಬಳ್ಳಾರಿಯಲ್ಲಿ ಸಮಗ್ರ ಕನ್ನಡ ಬೈಬಲ್ 1831ರಲ್ಲಿ ಮುಗಿದಂದಿನಿಂದ ಇದು ಯಾವ ಭಾಷಾಂತರಕಾರನಿಗೂ ತಪ್ಪಿದುದಲ್ಲ. ಮೂಲದಲ್ಲಿ ಬೆಟ್ಟಗಳನ್ನು ಕುರಿತ ಸಂಬೋಧನೆ ಪುಲ್ಲಿಂಗ ಬಹುವಚನ. 12ನೆಯ ವಚನದ ನಡುವೆ ಅದು ಪುಲ್ಲಿಂಗ ಏಕವಚನವಾಗುತ್ತದೆ. 13ರಲ್ಲಿ ‘ನಿಮಗೆ ಹೇಳುತ್ತಾರೆ’ ಎಂದು ಮತ್ತೆ ಬಹುವಚನ, ಆದರೆ ಹೇಳಿದ ಮಾತಿನೊಳಗೆ ಸ್ತ್ರೀಲಿಂಗ ಏಕವಚನ. ಬೆಟ್ಟಗಳು ಸರಿದು ತಾಯಿಯಾದ ನೆಲ ಎದುರು ನಿಂತಂತೆ. ಕನ್ನಡದ ಮಧ್ಯಮಪುರುಷದಲ್ಲಿ ಲಿಂಗವಿಲ್ಲ. ಆದುದರಿಂದ ತಾಯಿ ಮಾಯವಾಗುತ್ತಾಳೆ. ಸಾಲದುದಕ್ಕೆ, ‘ನೀವು’ ಎಂಬುದರಿಂದ ‘ನೀನು’ ಎಂಬುದಕ್ಕೆ ಇಳಿದಾಗ ನಮ್ಮ ಕಿವಿಗೆ ಸಂಖ್ಯೆಯ ಬದಲಾವಣೆಗಿಂತ ಮರ್ಯಾದೆಯ ಬದಲಾವಣೆ ಮೊದಲು ಕೇಳಿಸುತ್ತದೆ. ವಿಚಿತ್ರವೆಂದರೆ ಇಲ್ಲಿ ಅದು ಹಾನಿಯಲ್ಲ: ನಿಂದಕರು ನಾಡನ್ನು ಏಕವಚನದಲ್ಲಿಯೇ ಬೈಯುವರು. ಆದರೆ 14ರಲ್ಲಿ ದೇವರೂ ಅದೇ ‘ನೀನು’ ಎಂದಾಗ ಅದು ಆತ್ಮೀಯತೆಯ ಏಕವಚನವಾಗಿ ಕೇಳಿಸಬೇಕು. ಅದನ್ನು ಓದುವವನ ಧ್ವನಿಯೇ ತರಬೇಕಲ್ಲದೆ ಲಿಪಿ ತರಲಾರದು.

ಪ್ರವಾದಿಯ ಉತ್ತರದ ರಚನೆಯನ್ನು ಎರಡು ಪದಗಳಲ್ಲಿ ಹಿಡಿಯಬಹುದು. ಒಂದು, ‘ಓದ್’ ಎಂಬ ಅವ್ಯಯ: 12ನೆಯ ವಚನದಲ್ಲಿ ಒಮ್ಮೆ, 14ರಲ್ಲಿ ಎರಡು ಬಾರಿ, 15ರಲ್ಲಿ ಮೂರು ಬಾರಿ. ಇನ್ನೊಂದು ‘ಆದಾಮ್’: 10ರಿಂದ 14ರವರೆಗೆ ಐದು ವಚನಗಳಲ್ಲಿಯೂ ಅದು ಬಿಡದೆ ಬರುತ್ತದೆ. ನಿನ್ನ ಮೇಲೆ ಮನುಷ್ಯರನ್ನು ಹೆಚ್ಚಿಸುವೆನು, ಮನುಷ್ಯರನ್ನೂ ಪಶುಗಳನ್ನೂ ಹೆಚ್ಚಿಸುವೆನು, ಮನುಷ್ಯರು ನಿನ್ನ ಮೇಲೆ ನಡೆದಾಡುವಂತೆ ಮಾಡುವೆನು ಎಂಬ ಭಾವದ ಮೂರು ಮಾತುಗಳಾದ ಮೇಲೆ, ಮನುಷ್ಯರನ್ನು ತಿನ್ನುವವಳು ಎಂಬ ನಿಂದೆ ಬರುತ್ತದೆ. ಉತ್ತರ ಮೊದಲು, ಆಕ್ಷೇಪ ಆಮೇಲೆ! ನಿಂದೆಯನ್ನು ಉಲ್ಲೇಖಿಸುವ ಹೊತ್ತಿಗೆ ಬೆಟ್ಟದ ಮೇಲೆ ಮನುಷ್ಯರ ಹೆಜ್ಜೆಯ ಸಪ್ಪಳ ಕೇಳಿಯಾಗಿದೆ. ನಾಡಿನ ಗುಣವನ್ನು ಹೊಗಳಿ ನಿಂದೆಯನ್ನು ತೊಳೆಯಲು ಪ್ರವಾದಿ ಏಕೆ ಯತ್ನಿಸಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಬರಿದಾದ ನೆಲದ ಬಗ್ಗೆ ಹಾಲುಜೇನಿನ ಮಾತು ಆಗ ಯಾರಿಗೂ ರುಚಿಸುತ್ತಿರಲಿಲ್ಲ. ಅಲ್ಲಿ ಜನ ಬದುಕಿದರೆ ಮಾತ್ರ ತಿನ್ನುವ ನಾಡೆಂಬ ಹೆಸರು ತಾನಾಗಿ ಅಳಿಯುತ್ತಿತ್ತು.

ಹಾಗಾದರೆ ಹಿಂದಿನ ನಾಶಕ್ಕೆ ಹೊಣೆ ಯಾರದು? 17ನೆಯ ವಚನ ನೇರವಾಗಿ ಹೇಳುತ್ತದೆ: ಜನರೇ ತಮ್ಮ ನಡತೆಯಿಂದ ನಾಡನ್ನು ಹೊಲೆಗೆಡಿಸಿದರು. ಯಾಜಕಕಾಂಡದಲ್ಲಿಯೂ ಹೊಲೆಗೆಟ್ಟ ನಾಡು ನಿವಾಸಿಗಳನ್ನು ಕಾರಿಬಿಡುತ್ತದೆಂಬ ಎಚ್ಚರಿಕೆಯಿದೆ. ತಿನ್ನುವ ಮಾತು ಬರುವಲ್ಲಿ, 26ನೆಯ ಅಧ್ಯಾಯದಲ್ಲಿ, ತಿನ್ನುವುದು ಶತ್ರುಗಳ ದೇಶ. ಸ್ವಂತ ನಾಡು ಉಗುಳುತ್ತದೆ, ಪರನಾಡು ನುಂಗುತ್ತದೆ. ಕೆಬಾರಿನ ದಂಡೆಯಲ್ಲಿ ಕುಳಿತ ಯಾಜಕನಿಗೆ ಈ ಭೇದ ತಿಳಿಯದೆ ಇರಲಾರದು. ಆದರೂ 13ರಿಂದ 15ರವರೆಗಿನ ಭಾಗದಲ್ಲಿ ಅವನು ಈ ವಾದವನ್ನು ತರಲಿಲ್ಲ. ನಿಂದೆ ಕೇಳಿಸಿಕೊಂಡ ನೆಲವನ್ನು ಸಂತೈಸುವಾಗ ಅದರ ಮಕ್ಕಳ ದೋಷವನ್ನು ಎತ್ತುವುದು ಉಚಿತವಲ್ಲವೆಂದು ಬಗೆದಿರಬೇಕು. ಅದಕ್ಕೆ ಬೇರೆ ಪ್ರಕರಣವನ್ನೇ ತೆರೆದನು.

ಅಧ್ಯಾಯದ ಕೊನೆಯಲ್ಲಿ ಈ ಅಪವಾದಕ್ಕೆ ಮತ್ತೊಂದು ಉತ್ತರ ಸಿಗುತ್ತದೆ. 35ನೆಯ ವಚನದಲ್ಲಿ, ಹಾಳಾಗಿದ್ದ ಈ ನಾಡು ಏದೆನ್ ತೋಟದಂತಾಯಿತೆಂದು ಜನ ಹೇಳುವರು. 13ರಲ್ಲಿ ‘ಹೇಳುತ್ತಾರೆ’, 35ರಲ್ಲಿ ‘ಹೇಳುವರು’. ಕೆಟ್ಟ ಮಾತಿನ ಸ್ಥಾನಕ್ಕೆ ಒಳ್ಳೆಯ ಮಾತು ಬಂತು. ಕೊನೆಯ ವಚನಗಳಲ್ಲಿ ಪಟ್ಟಣಗಳು ಮನುಷ್ಯರೆಂಬ ಕುರಿಮಂದೆಗಳಿಂದ ತುಂಬುತ್ತವೆ. ‘ಆದಾಮ್’ ಅಲ್ಲಿಯೂ ಇದೆ. ಇಷ್ಟು ಅಂದವಾದ ಹೊಂದಿಕೆಯನ್ನು ಕಂಡು ನಾವು ಎಚ್ಚರದಿಂದಿರಬೇಕಾದ ಕಾರಣವೊಂದಿದೆ. 1931ರ ಸುಮಾರಿಗೆ ಈಜಿಪ್ಟಿನಲ್ಲಿ ದೊರೆತ, ವಿದ್ವಾಂಸರು 967ನೆಯ ಸಂಖ್ಯೆಯಿಂದ ಗುರುತಿಸುವ ಗ್ರೀಕ್ ಪಪೈರಸ್ ಪ್ರತಿಯಲ್ಲಿ 23ನೆಯ ವಚನದ ಉತ್ತರಾರ್ಧದಿಂದ 38ರವರೆಗಿನ ಭಾಗವೇ ಇಲ್ಲ. ಯೆಹೆಜ್ಕೇಲನ ಗ್ರೀಕ್ ಪ್ರತಿಗಳಲ್ಲಿ ಅದು ಅತ್ಯಂತ ಹಳೆಯವುಗಳ ಸಾಲಿಗೆ ಸೇರಿದುದು. ಲಿಪಿಕಾರನ ಕಣ್ಣು ಜಾರಿರಬಹುದೆಂದು ಕೆಲವರು, ಆ ಭಾಗ ಮೂಲದಲ್ಲಿ ಇರಲೇ ಇಲ್ಲವೆಂದು ಕೆಲವರು. 1960ರ ದಶಕದಲ್ಲಿ ಯಿಗಾಯೆಲ್ ಯಾದೀನನು ಮಸಾದ ಕೋಟೆಯಲ್ಲಿ ನಡೆಸಿದ ಉತ್ಖನನದಲ್ಲಿ, ಸಭಾಮಂದಿರದ ನೆಲದಡಿಯಲ್ಲಿ ಹೂತಿಟ್ಟ ಹೀಬ್ರೂ ಸುರುಳಿಯೊಂದು ಹೊರಬಂತು. 35ನೆಯ ಅಧ್ಯಾಯದ ನಡುವಿನಿಂದ 38ರವರೆಗಿನ ತುಣುಕುಗಳು ಅದರಲ್ಲಿ ಉಳಿದಿವೆ, ಪಾಠ ಪರಂಪರಾಗತ ಪಾಠಕ್ಕೆ ಬಹು ಸಮೀಪ. ಆದುದರಿಂದ ಕ್ರಿ. ಶ. 73ರ ಸುಮಾರಿಗೆ ಆ ಕೋಟೆ ಬೀಳುವುದಕ್ಕೆ ಮುಂಚೆಯೇ ದೀರ್ಘಪಾಠ ಬಳಕೆಯಲ್ಲಿತ್ತೆಂಬುದು ನಿಶ್ಚಯ; ಅದಕ್ಕೂ ಹಿಂದೆ ಎಷ್ಟು ಕಾಲದಿಂದ ಎಂಬುದನ್ನು ಆ ಸುರುಳಿ ಹೇಳಲಾರದು.

ಹ್ರಸ್ವಪಾಠವೇ ಹಳೆಯದೆನ್ನುವವರ ಪಕ್ಷ ನಿಲ್ಲುವುದಾದರೆ, ಏದೆನ್ ತೋಟದ ಹೊಗಳಿಕೆ ನಿಂದೆಯಿಂದ ನೊಂದ ಯಾರೋ ಬಳಿಕದ ಓದುಗನದು, 13ನೆಯ ವಚನಕ್ಕೆ ಅವನು ಬರೆದ ಮೊದಲ ವ್ಯಾಖ್ಯಾನ ಎನ್ನಬೇಕಾಗುತ್ತದೆ. ಆಗ ಪ್ರವಾದಿ ತಾನೇ ಕೊಟ್ಟ ಉತ್ತರ 15ನೆಯ ವಚನಕ್ಕೆ ಮುಗಿಯುತ್ತದೆ. ಅಲ್ಲಿ ಯಾರೂ ನಾಡನ್ನು ಹೊಗಳುವುದಿಲ್ಲ. ಬೈಗುಳ ಕೇಳಿಸುವುದು ನಿಲ್ಲುತ್ತದೆ, ಅಷ್ಟೆ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾವು ಈ ನಿಶ್ಶಬ್ದದ ಕಡೆಗೆ ಒಲಿಯುತ್ತೇವೆ.